ಸಾಮೂಹಿಕ ಊಟಕ್ಕೆ ಮುದ್ದೆ ಇರಲಿ

ಮಾನ್ಯರೇ,

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಆದರೂ ಹಳೇ ಮೈಸೂರು ಭಾಗದ ಎಷ್ಟೋ ಬಡಾವಣೆಗಳ ಸಂಕ್ರಾಂತಿ ಊಟದಲ್ಲಿ ಪಲಾವ್, ಗೋಬಿಯದ್ದೇ ದರ್ಬಾರು. ನೂರು ಮಂದಿಗೆ ಮುದ್ದೆ, ಅವರೆಕಾಳು ಸಾರು ಮಾಡುವುದು ಕಷ್ಟವೆಂಬ ಅಳುಕು. ಅಷ್ಟೇನಿಲ್ಲ.

ತಲೆಗೊಂದು ಮುದ್ದೆಯಂತೆ 12 ಕೆ.ಜಿ. ರಾಗಿಹಿಟ್ಟು, ಸುಮಾರು 24 ಲೀಟರ್ ನೀರು ಸಾಕು. ಎಲ್ಲವನ್ನೂ ಒಂದೇ ಹಂಡೆಗೆ ಸುರಿಯುವುದೇ ಮೊದಲ ತಪ್ಪು: ಕೋಲು ತಿರುಗದೆ ನಡುವೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಮೂರು ಪಾತ್ರೆಗೆ ಹಂಚಿ. ನೀರು ಮರಳುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬೇಯಲು ಬಿಡಿ. ಆಮೇಲೆ ಒಬ್ಬರು ಕವೆಗೋಲಿನಲ್ಲಿ ಪಾತ್ರೆ ಅದುಮಿ ಹಿಡಿಯಬೇಕು, ಇನ್ನೊಬ್ಬರು ತೊಳಸಬೇಕು. ಒಂಟಿ ಕೈಯ ಕೆಲಸವಲ್ಲ.

ಸಾರಿಗೆ ಬಿಡಿಸಿದ ಕಾಳು 7–8 ಕೆ.ಜಿ. ಬೇಕು. ಸುತ್ತಲಿನ ರೈತರಿಂದಲೇ ಸೊಗಡಿನ ಕಾಯಿ ಕೊಂಡು, ಹಿಂದಿನ ಸಂಜೆ ಎಲ್ಲರೂ ಕೂತು ಬಿಡಿಸಿದರೆ ಅರ್ಧ ಹಬ್ಬ ಅಲ್ಲೇ ಆಗುತ್ತದೆ. ಹುಣಸೆಹುಳಿ ಮೊದಲೇ ಬಿದ್ದರೆ ಕಾಳು ಮೆತ್ತಗಾಗುವುದಿಲ್ಲ. ಬೆಂದ ಮೇಲೆ ಹಾಕಿ. ಮುದ್ದೆ ಮಾತ್ರ ಜನ ಎಲೆಗೆ ಕೂತ ಮೇಲೆಯೇ ಕಟ್ಟಿ, ಆರಿದರೆ ಗಟ್ಟಿಯಾಗುತ್ತದೆ.

– ಓದುಗ, ಮಂಡ್ಯ