ಮೆಡಿಕಲ್ ಶಾಪಿನ ಬೋರ್ಡಿಗೆ ರೆಡ್ ಕ್ರಾಸ್ ಏಕೆ?

ಮಾನ್ಯರೇ,

ಯುದ್ಧದ ಸುದ್ದಿ ಬಂದಾಗಲೆಲ್ಲ ‘ಜಿನೀವಾ ಒಪ್ಪಂದಕ್ಕೆ ಈಗ ಯಾರು ಬೆಲೆ ಕೊಡುತ್ತಾರೆ’ ಎಂಬ ಮಾತು ಬರುತ್ತದೆ. ಯುದ್ಧದಲ್ಲೂ ಗಾಯಾಳುಗಳನ್ನು, ಸೆರೆಯಾಳುಗಳನ್ನು ಕಾಪಾಡಲು ದೇಶಗಳು ಮಾಡಿಕೊಂಡ ಆ ಒಪ್ಪಂದದ ನಿಯಮವೊಂದನ್ನು ನಾವೇ ದಿನವೂ ಮುರಿಯುತ್ತಿದ್ದೇವೆ. ಮೆಡಿಕಲ್ ಶಾಪ್, ಕ್ಲಿನಿಕ್, ಖಾಸಗಿ ಆಂಬುಲೆನ್ಸ್, ವೈದ್ಯರ ಕಾರಿನ ಗಾಜು, ಎಲ್ಲಿ ನೋಡಿದರೂ ಬಿಳಿ ಹಿನ್ನೆಲೆಯ ಕೆಂಪು ಕ್ರಾಸ್.

ಅದು ವೈದ್ಯವೃತ್ತಿಯ ಗುರುತಲ್ಲ. ಸ್ವಿಸ್ ಧ್ವಜದ ಬಣ್ಣ ಅದಲುಬದಲು ಮಾಡಿದ ಆ ಚಿಹ್ನೆಯನ್ನು 1864ರ ಮೊದಲ ಜಿನೀವಾ ಒಪ್ಪಂದ ಸೇನೆಯ ವೈದ್ಯಕೀಯ ದಳಕ್ಕೆ ಕೊಟ್ಟಿತು. ‘ಇಲ್ಲಿ ಗಾಯಾಳುಗಳಿದ್ದಾರೆ, ಗುಂಡು ಹಾರಿಸಬೇಡಿ’ ಎಂಬುದಷ್ಟೇ ಅದರ ಅರ್ಥ. ಹೊಗೆ, ಧೂಳಿನ ನಡುವೆ ದೂರದಿಂದ ನೋಡುವ ಸೈನಿಕ ಅದನ್ನು ಕಂಡಕೂಡಲೇ ನಂಬಬೇಕು. ಆ ನಂಬಿಕೆ ಕೆಟ್ಟರೆ ಸಾಯುವವನು ಸ್ಟ್ರೆಚರ್ ಮೇಲಿರುವವನು. 2008ರ ಜುಲೈನಲ್ಲಿ ಕೊಲಂಬಿಯಾ ಸೇನೆ ವೇಷ ಮರೆಸಿಕೊಂಡು ಹೋಗಿ, ಗುಂಡು ಹಾರಿಸದೆಯೇ ಬಂಡುಕೋರರಿಂದ 15 ಒತ್ತೆಯಾಳುಗಳನ್ನು ಬಿಡಿಸಿತು. ದೇಶವೇ ಸಂಭ್ರಮಿಸಿತು. ಆದರೆ ಕಾರ್ಯಾಚರಣೆಯಲ್ಲಿದ್ದ ಒಬ್ಬ ರೆಡ್ ಕ್ರಾಸ್ ಚಿಹ್ನೆ ಧರಿಸಿದ್ದ ಎಂಬುದು ಹೊರಬಿದ್ದಾಗ ಅಧ್ಯಕ್ಷ ಉರಿಬೆ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಕ್ಷಮೆ ಕೇಳಬೇಕಾಯಿತು. ಬೆಲೆಯಿಲ್ಲದ ಕಾನೂನಿಗೆ ಯಾರೂ ಹಾಗೆ ತಲೆಬಾಗುವುದಿಲ್ಲ.

ನಮ್ಮಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಈ ಚಿಹ್ನೆ ಬಳಸುವಂತಿಲ್ಲ. ಮೂಲೆ ದುಂಡಗೆ ಮಾಡಿಸಿದರೂ ಬಿಡುಗಡೆಯಿಲ್ಲ, ನೋಡುವವರು ರೆಡ್ ಕ್ರಾಸ್ ಎಂದೇ ತಿಳಿಯುವಷ್ಟು ಹೋಲಿಕೆ ಇದ್ದರೆ ಅದೂ ತಪ್ಪೇ. ಕೆಲವರು ಬಣ್ಣ ತಿರುಗಿಸಿ ಕೆಂಪಿನ ಮೇಲೆ ಬಿಳಿ ಕ್ರಾಸ್ ಬರೆಸುತ್ತಾರೆ. ಅದು ಸ್ವಿಜರ್ಲೆಂಡಿನ ಲಾಂಛನ, ಅದೇ ಸೆಕ್ಷನ್ ಅದನ್ನೂ ನಿಷೇಧಿಸಿದೆ. ದಂಡ ಹೆಚ್ಚೆಂದರೆ 500 ರೂಪಾಯಿ. ಚಿಹ್ನೆ ಹಾಕಿದ ಸರಕನ್ನು ಜಪ್ತಿ ಮಾಡಲೂಬಹುದು. ಆದರೆ ಸರ್ಕಾರವಾಗಲಿ ಅದು ಗೊತ್ತುಪಡಿಸಿದ ಅಧಿಕಾರಿಯಾಗಲಿ ದೂರು ಕೊಡದೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಸಾರ್ವಜನಿಕರು ನೇರವಾಗಿ ಏನೂ ಮಾಡಲಾಗದಿರುವುದು ಇದರಿಂದಲೇ.

ಬದಲಿಗೆ ಬೇಕಾದಷ್ಟು ಗುರುತುಗಳಿವೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಹಸಿರು ಹಿನ್ನೆಲೆಯ ಬಿಳಿ ಕ್ರಾಸ್, ಔಷಧದಂಗಡಿಗೆ ಹಸಿರು ಕ್ರಾಸ್, ವೈದ್ಯರಿಗೆ ಕೋಲಿಗೆ ಸುತ್ತಿಕೊಂಡ ಒಂಟಿ ಹಾವು. (ರೆಕ್ಕೆಯ ಕೋಲಿಗೆ ಎರಡು ಹಾವು ಸುತ್ತಿದ ಚಿತ್ರ ಬೇಡ, ಅದು ಗ್ರೀಕರ ದೂತ ದೇವತೆಯ ದಂಡ.)

ಕ್ಲಿನಿಕ್‌ಗಳ ನೋಂದಣಿ ನವೀಕರಿಸುವಾಗ ಆರೋಗ್ಯ ಇಲಾಖೆ, ಅಂಗಡಿ ತಪಾಸಣೆಯಲ್ಲಿ ಔಷಧ ನಿಯಂತ್ರಣ ಇಲಾಖೆ, ಆಂಬುಲೆನ್ಸ್‌ಗೆ ಎಫ್‌ಸಿ ಕೊಡುವಾಗ ಆರ್‌ಟಿಒ ಈ ಒಂದು ಅಂಶವನ್ನೂ ನೋಡಲಿ. ಮೊದಲು ನೋಟಿಸ್ ಕೊಟ್ಟು, ಬೋರ್ಡ್ ಬದಲಿಸಲು ಒಂದು ತಿಂಗಳು ಸಮಯ ಕೊಡಲಿ.