ಮತ್ತೆ ಕರೆದ್ರೆ ಕ್ಯಾನ್ಸರ್ ಅಂತಲೇ ಅಲ್ಲ, ಇದನ್ನ ಮೊದಲೇ ಹೇಳಿ

ಸಂಪಾದಕರಿಗೆ ನಮಸ್ಕಾರ,

ಸ್ತನ ಕ್ಯಾನ್ಸರ್ ತಪಾಸಣೆ ವಿಷಯ ಬಂದಾಗೆಲ್ಲ ಹೆಂಗಸರಿಗೆ ಅರಿವಿಲ್ಲ, ಅದಕ್ಕೇ ಬರಲ್ಲ ಅಂದುಬಿಡ್ತಾರೆ. ಇದನ್ನ ನಾನು ಪೂರ್ತಿ ಒಪ್ಪಲ್ಲ. ನಾನು ಮಾತಾಡಿಸಿರೋ ಎಷ್ಟೋ ಜನಕ್ಕೆ ಮ್ಯಾಮೋಗ್ರಾಂ, ಅಂದ್ರೆ ಸ್ತನದ ಎಕ್ಸ್‌ರೇ, ಏನು ಅಂತ ಗೊತ್ತು, ಬೇಗ ಗೊತ್ತಾದ್ರೆ ವಾಸಿಯಾಗೋ ಸಾಧ್ಯತೆ ಜಾಸ್ತಿ ಅಂತಾನೂ ಗೊತ್ತು, ಆದ್ರೂ ಹೋಗಲ್ಲ, ಯಾಕಂದ್ರೆ ಬಟ್ಟೆ ಬಿಚ್ಚಿ ನಿಲ್ಲಬೇಕು, ಟೆಸ್ಟ್ ಮಾಡೋರು ಗಂಡಸಾಗಿದ್ರೆ ಏನ್ ಮಾಡೋದು, ನೋವಾಗುತ್ತಂತೆ, ಎಲ್ಲಕ್ಕಿಂತ ಹೆಚ್ಚಾಗಿ ಏನಾದ್ರೂ ಇದೆ ಅಂದುಬಿಟ್ರೆ ಗತಿ ಏನು ಅನ್ನೋ ಭಯ.

ನೋವಿನ ಬಗ್ಗೆ ಸುಳ್ಳು ಹೇಳೋದು ಬೇಡ. ಎರಡು ಪ್ಲೇಟ್ ಮಧ್ಯೆ ಒತ್ತಿ ಹಿಡಿದು ಎಕ್ಸ್‌ರೇ ತೆಗೀತಾರೆ, ಕೆಲವರಿಗೆ ಬರೀ ಬಿಗಿತ, ಕೆಲವರಿಗೆ ನಿಜವಾಗ್ಲೂ ನೋವು. ಆದ್ರೆ ಪ್ರತಿ ಸಲ ಒತ್ತೋದು ಕೆಲವೇ ಸೆಕೆಂಡ್. ಇನ್ನೂ ಮುಟ್ಟಾಗೋರು ಮುಟ್ಟು ಮುಗಿದ ವಾರ ಹೋದ್ರೆ ಸ್ವಲ್ಪ ಸುಲಭ. ಮಹಿಳಾ ಸಿಬ್ಬಂದಿ ಇದ್ದಾರಾ ಅಂತ ಮೊದಲೇ ಕೇಳಿ, ತಡೆಯೋಕಾಗ್ದಿದ್ರೆ ನಿಲ್ಲಿಸಿ ಅನ್ನಿ, ಅದ್ರಲ್ಲಿ ಸಂಕೋಚ ಬೇಡ.

ಇದಕ್ಕಿಂತ ಕಷ್ಟ ಆಮೇಲಿಂದು. ನನ್ನನ್ನ ಒಂದ್ಸಲ ವಾಪಸ್ ಕರೆದ್ರು. ಫೋನ್ ಮಾಡಿದವರು ಇನ್ನೊಂದು ಫಿಲ್ಮ್ ತೆಗೀಬೇಕು ಬನ್ನಿ ಅಂದ್ರೇ ಹೊರತು ಯಾಕೆ ಅಂತ ಬಾಯಿಬಿಡಲಿಲ್ಲ, ಹೋಗೋವರೆಗೂ ನಿದ್ದೆ ಇಲ್ಲ ಊಟ ಸೇರಲ್ಲ, ಮನೇಲಿ ಹೇಳ್ಲಾ ಬೇಡ್ವಾ ಅಂತ ಒಳಗೊಳಗೇ ಬೆಂದುಹೋದೆ. ಕೊನೆಗೆ ನೋಡಿದ್ರೆ ಅಂಗಾಂಶ ಒಂದರ ಮೇಲೊಂದು ಬಂದು ಗಂಟಿನ ಥರ ಕಂಡಿತ್ತು ಅಷ್ಟೇ. ಮತ್ತೆ ಕರೆಸಿಕೊಂಡವರಲ್ಲಿ ಬಹುಪಾಲು ಹೆಂಗಸರಿಗೆ ಕ್ಯಾನ್ಸರ್ ಇರಲ್ಲ, ಇದು ಅಲ್ಲಿ ಕೆಲಸ ಮಾಡೋ ಎಲ್ರಿಗೂ ಗೊತ್ತಿರೋ ಮಾತು, ಹಾಗಿದ್ಮೇಲೆ ಮೊದಲನೇ ದಿನಾನೇ ಹೇಳಿ ಕಳಿಸೋಕೆ ಏನು ಕಷ್ಟ? ಹೀಗೆ ಹೆದರಿ ಹೋದವರಲ್ಲಿ ಕೆಲವರು ಮತ್ತೆ ಆ ಕಡೆ ತಲೇನೇ ಹಾಕಲ್ಲ.

ನಮ್ಮ ಮನೇಲಿ ಯಾರಿಗೂ ಇಲ್ವಲ್ಲ ಅನ್ನೋರಿಗೂ ಒಂದು ಮಾತು. ಸ್ತನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರ ಮನೆತನದಲ್ಲಿ ಅದು ಇರೋದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಹೆಂಗಸರಿಗೆ ಇದು ಪತ್ತೆಯಾಯ್ತು, 6.7 ಲಕ್ಷ ಜನ ತೀರಿಕೊಂಡ್ರು.

ತಪಾಸಣೆ ನಡೆಸೋರಿಗೆ ನನ್ನ ಕೇಳಿಕೆ ಇಷ್ಟೇ, ಪೂರ್ತಿ ಹೇಳಿ. ರಿಸಲ್ಟ್ ಯಾವಾಗ ಬರುತ್ತೆ, ಮತ್ತೆ ಕರೆದ್ರೆ ಏನರ್ಥ, ತೊಂದರೆನೇ ಕೊಡದಂಥ ನಿಧಾನದ ಕ್ಯಾನ್ಸರ್ ಸಿಕ್ಕಿ ಬೇಡದ ಚಿಕಿತ್ಸೆ ಆಗೋದೂ ಉಂಟು ಅನ್ನೋದನ್ನೂ ಮುಚ್ಚಿಡಬೇಡಿ, ಕೇಳಿ ತೀರ್ಮಾನ ಮಾಡೋ ಶಕ್ತಿ ನಮಗಿದೆ. ಹಾಗೇ ರಿಪೋರ್ಟ್ ನಾರ್ಮಲ್ ಬಂದ್ರೂ ಮ್ಯಾಮೋಗ್ರಾಂ ಕಣ್ಣಿಗೆ ಎಲ್ಲಾ ಬೀಳಲ್ಲ, ಆಮೇಲೆ ಗಂಟೋ, ಚರ್ಮ ಒಳಕ್ಕೆ ಎಳೆದಂಗೋ ಕಂಡ್ರೆ ಮುಂದಿನ ತಪಾಸಣೆವರೆಗೆ ಕಾಯದೆ ಡಾಕ್ಟರ್ ಹತ್ರ ಬನ್ನಿ ಅಂತಾನೂ ಹೇಳಿ ಕಳಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು