ಬರ್ನಿ ಸ್ಯಾಂಡರ್ಸ್ ಅವರಿಗೆ ಬಹಿರಂಗ ಪತ್ರ: ಮರದ ಸೇತುವೆಗಳ ಚಾವಣಿಗೆ ಬೇರೆ ದುಡ್ಡಿಡಿ

ಮಾನ್ಯ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರಿಗೆ,

ನಮಸ್ಕಾರ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆದು ಎಲ್ಲರ ಮುಂದೆ ಇಡುತ್ತಿರುವುದಕ್ಕೆ ಕಾರಣ ಇದೆ. ಅಕ್ಟೋಬರ್ ಬಂತೆಂದರೆ ಬಾಸ್ಟನ್ನಿನಿಂದ, ನ್ಯೂಜೆರ್ಸಿಯಿಂದ ನಮ್ಮವರು ಕಾರು ತುಂಬಿಕೊಂಡು ನಮ್ಮ ವರ್ಮಾಂಟ್ ರಾಜ್ಯಕ್ಕೆ ಬರುತ್ತಾರೆ. ಮೇಪಲ್ ಎಲೆಗಳ ಬಣ್ಣ ನೋಡಿ, ಚಾವಣಿ ಹೊದ್ದ ಹಳೇ ಮರದ ಸೇತುವೆಯ ಬಾಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಊರಲ್ಲಿರುವ ಅಪ್ಪ ಅಮ್ಮನಿಗೆ ವಾಟ್ಸ್ಯಾಪ್ ಮಾಡುತ್ತಾರೆ. ಆ ಸೇತುವೆ ಯಾರದು, ಅದು ಸೋರಿದರೆ ಯಾರು ನೋಡಿಕೊಳ್ಳಬೇಕು ಎನ್ನುವುದು ಅವರಿಗೂ ಗೊತ್ತಾಗಲಿ. ನಾನು ಎಸೆಕ್ಸ್ ಜಂಕ್ಷನ್ನಿನಲ್ಲಿ ಇರುವವನು, ನಿಮ್ಮ ಮತದಾರ. ಹುಟ್ಟಿದ್ದು, ಬೆಳೆದದ್ದು ತೀರ್ಥಹಳ್ಳಿ ಕಡೆ.

ನೇರ ವಿಷಯಕ್ಕೆ ಬರುತ್ತೇನೆ. 1998ರಲ್ಲಿ ನಮ್ಮದೇ ರಾಜ್ಯದ ಸೆನೆಟರ್ ಜಿಮ್ ಜೆಫರ್ಡ್ಸ್ ಅವರ ಪ್ರಯತ್ನದಿಂದ ಹೆದ್ದಾರಿ ಕಾನೂನಿನೊಳಗೆ ಚಾರಿತ್ರಿಕ ಚಾವಣಿ ಸೇತುವೆಗಳ ಸಂರಕ್ಷಣೆಗೆಂದೇ ಒಂದು ಯೋಜನೆ ಸೇರಿತು. ವರ್ಷಕ್ಕೆ ಒಂದು ಕೋಟಿ ಡಾಲರ್ ತನಕ ಕೊಡಲು ಅದರಲ್ಲಿ ಅವಕಾಶ ಇತ್ತು. ಫೆಡರಲ್ ಹೆದ್ದಾರಿ ಬಜೆಟ್ಟಿನಲ್ಲಿ ಇದು ಚಿಲ್ಲರೆ ಕಾಸು. ಆ ದುಡ್ಡಿನಲ್ಲಿ ದೇಶದ ಹಲವು ಕಡೆ ಸೇತುವೆಗಳು ದುರಸ್ತಿಯಾದವು. ಎಂಜಿನಿಯರುಗಳು ಹಳೇ ಸೇತುವೆಗಳನ್ನು ಅಳೆದು ನಕ್ಷೆ ಬರೆದಿಟ್ಟರು. ಮರದ ಸೇತುವೆಯನ್ನು ಹೇಗೆ ಲೆಕ್ಕ ಹಾಕಬೇಕು, ಹೇಗೆ ದುರಸ್ತಿ ಮಾಡಬೇಕು ಎಂದು ಹೇಳುವ ಸರ್ಕಾರಿ ಕೈಪಿಡಿ 2005ರಲ್ಲಿ ಹೊರಬಂತು. 2012ರ ಹೆದ್ದಾರಿ ಕಾನೂನು ಬಂದಾಗ ಈ ಯೋಜನೆಗೆ ಪ್ರತ್ಯೇಕ ಹಣ ಇಡಲಿಲ್ಲ. ಯಾರೂ ಗದ್ದಲ ಎಬ್ಬಿಸಲಿಲ್ಲ. ಜೆಫರ್ಡ್ಸ್ ಅಷ್ಟರಲ್ಲಿ ನಿವೃತ್ತರಾಗಿದ್ದರು. 2007ರ ಜನವರಿಯಿಂದ ಅವರು ಕೂರುತ್ತಿದ್ದ ಸೆನೆಟ್ ಸ್ಥಾನದಲ್ಲಿ ನೀವಿದ್ದೀರಿ, ಅವರು ಅಧ್ಯಕ್ಷರಾಗಿದ್ದ ಪರಿಸರ ಮತ್ತು ಸಾರ್ವಜನಿಕ ಕಾಮಗಾರಿ ಸಮಿತಿಯಲ್ಲೂ ನೀವಿದ್ದೀರಿ. ಈ ಪತ್ರ ಬೇರೆ ಯಾರಿಗೂ ಅಲ್ಲದೆ ನಿಮಗೇ ಬರೆಯಲು ಇದೇ ಕಾರಣ.

2021ರ ಮೂಲಸೌಕರ್ಯ ಕಾನೂನಿನ ಗಡುವು 2026ರ ಸೆಪ್ಟೆಂಬರ್ 30. ಅದರ ಜಾಗಕ್ಕೆ ಬರುವ ಕಾನೂನಿನಲ್ಲಿ ಜೆಫರ್ಡ್ಸ್ ಅವರ ಆ ಯೋಜನೆಗೆ ಮತ್ತೆ ಹಣ ಇಡಿಸಿ. ಅದರಲ್ಲಿ ಒಂದು ಪಾಲನ್ನು ಚಾವಣಿ, ಪಕ್ಕದ ಹಲಗೆ ಮತ್ತು ದಡದ ಕಟ್ಟೆಯ ಸಣ್ಣ ಸಣ್ಣ ಕೆಲಸಗಳಿಗೇ ಮೀಸಲಿಡಿಸಿ. ನನ್ನ ಬೇಡಿಕೆ ಇಷ್ಟು. ಯಾಕೆ ಚಾವಣಿ ಎಂದು ಒತ್ತಿ ಹೇಳುತ್ತೇನೆಂದರೆ, ಇಡೀ ಸೇತುವೆಯ ಆಯಸ್ಸು ಇರುವುದೇ ಅದರಲ್ಲಿ.

ಪ್ರವಾಸಿಗಳು ಇದಕ್ಕೆ ನಾನಾ ಕಥೆ ಹೇಳುತ್ತಾರೆ. ಕುದುರೆ ನೀರು ನೋಡಿ ಬೆದರದಿರಲಿ ಅಂತ ಚಾವಣಿ, ಹಿಮ ಬೀಳದಿರಲಿ ಅಂತ ಚಾವಣಿ, ಪ್ರೇಮಿಗಳಿಗೆ ಮರೆಯಾಗಲಿ ಅಂತ ಚಾವಣಿ. ಹಿಮದ ಕಥೆಯಂತೂ ಪೂರಾ ತಿರುಗುಮುರುಗು. ಹಿಂದಿನ ಕಾಲದಲ್ಲಿ ಚಳಿಗಾಲದ ಓಡಾಟವೆಲ್ಲ ಜಾರುಬಂಡಿಯಲ್ಲಿ. ಚಾವಣಿಯ ಕೆಳಗೆ ಹಿಮ ಬೀಳದೆ ಬಂಡಿ ಬರೀ ಹಲಗೆಯ ಮೇಲೆ ಕಚ್ಚಿಕೊಳ್ಳುತ್ತಿತ್ತು. ಅದಕ್ಕೆ ಊರವರು ಕೂಲಿ ಕೊಟ್ಟು ಹೊರಗಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಸೇತುವೆಯೊಳಗೆ ಹಾಸಿಸುತ್ತಿದ್ದರು! ಚಾವಣಿ ಇರುವುದು ಮರ ಒಣಗಿರಲಿ ಎಂದು, ಅಷ್ಟೇ. ಮರದಲ್ಲಿ ತೇವ ನೂರಕ್ಕೆ ಇಪ್ಪತ್ತರ ಒಳಗಿದ್ದರೆ ಅದನ್ನು ತಿನ್ನುವ ಶಿಲೀಂಧ್ರ ಬೆಳೆಯುವುದಿಲ್ಲ. ಬಯಲಿಗೆ ಬಿಟ್ಟ ಮರದ ಸೇತುವೆ ಹತ್ತು ಹದಿನೈದು ವರ್ಷಕ್ಕೆ ಮೆತ್ತಗಾಗುತ್ತದೆ. ಅದೇ ಮರಕ್ಕೆ ಸೂರು ಹೊದಿಸಿ, ಪಕ್ಕಕ್ಕೆ ಹಲಗೆ ಬಡಿದರೆ ನೂರೈವತ್ತು ವರ್ಷ ಬಾಳುತ್ತದೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹಳ್ಳ ದಾಟಲು ಅಡಿಕೆ ಮರದ ದಬ್ಬೆ ಜೋಡಿಸಿ ಬಿಗಿದ ಕಾಲುಸಂಕ ಇರುತ್ತದೆ. ಅದನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚಿ ಹೊಸದಾಗಿ ಹಾಕಬೇಕು, ಇಲ್ಲದಿದ್ದರೆ ಶಾಲೆಗೆ ಹೋಗುವ ಮಕ್ಕಳ ಗತಿ ದೇವರೇ ಬಲ್ಲ. ಅಡಿಕೆ ಮರ ತೋಟದಲ್ಲೇ ಸಿಗುತ್ತದೆ, ಮನೆಮನೆಗೆ ಒಂದೊಂದು ಆಳು ಬಂದರೆ ಕೆಲಸ ಮುಗಿಯುತ್ತದೆ, ಹಾಗಾಗಿ ನಡೆಯುತ್ತದೆ. 150 ಅಡಿ ಉದ್ದದ ಸೇತುವೆಯನ್ನು ವರ್ಷ ವರ್ಷ ಬಿಚ್ಚಿ ಕಟ್ಟಲು ಆಗುವುದಿಲ್ಲವಲ್ಲ. ವರ್ಮಾಂಟಿನ ಬಡಗಿಗಳು ಅದಕ್ಕೇ ಸೂರಿನ ಮೊರೆ ಹೋದರು.

ಮಾಂಟ್ಗೊಮರಿ ಊರಿನ ಸೇತುವೆಗಳನ್ನು ಒಳಗಿನಿಂದ ನೋಡಿದರೆ ಈ ಬಡಗಿಗಳ ತಲೆ ಹೇಗೆ ಓಡುತ್ತಿತ್ತು ಎಂದು ಗೊತ್ತಾಗುತ್ತದೆ. ಅವು ಶೆಲ್ಡನ್ ಮತ್ತು ಸವಾನಾ ಜ್ಯುವೆಟ್ ಎಂಬ ಅಣ್ಣತಮ್ಮಂದಿರು 1863ರಿಂದಾಚೆಗೆ ಕಟ್ಟಿದವು. ಎರಡೂ ಪಕ್ಕದ ಗೋಡೆ ಅಂದರೆ ಓರೆಯಾಗಿ ಒಂದಕ್ಕೊಂದು ಅಡ್ಡ ಹಾಯುವ ಹಲಗೆಗಳ ಜಾಲರಿ. ಹಲಗೆ ಹಲಗೆಯನ್ನು ದಾಟುವ ಕಡೆಯಲ್ಲೆಲ್ಲ ರಂಧ್ರ ಕೊರೆದು ಸುಮಾರು ಎರಡು ಇಂಚು ದಪ್ಪದ ಗಟ್ಟಿ ಮರದ ಗೂಟ ಬಡಿದಿದ್ದಾರೆ. ಕಬ್ಬಿಣದ ನಂಟು ಬಹಳ ಕಡಿಮೆ. ಈ ಜಾಲರಿಗೆ 1820ರಲ್ಲಿ ಪೇಟೆಂಟ್ ಪಡೆದವನು ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ. ದೊಡ್ಡ ತೊಲೆ ಬೇಡ, ಹೊಳೆ ದಂಡೆಯ ಗರಗಸದ ಮಿಲ್ಲಿನಲ್ಲಿ ಕೊಯ್ದ ಹಲಗೆ ಸಾಕು, ಊರಿನ ಯಾವ ಬಡಗಿಯೂ ಕಟ್ಟಬಹುದು. ಟೌನ್ ಮಾತ್ರ ಅಡಿಗೆ ಒಂದು ಡಾಲರ್ ಹಕ್ಕುಧನ ವಸೂಲಿ ಮಾಡುತ್ತಿದ್ದ, ಹೇಳದೆ ಕಟ್ಟಿ ಸಿಕ್ಕಿಬಿದ್ದರೆ ಎರಡು ಡಾಲರ್.

ಇಂಥ ಸೇತುವೆ ಕೆಡುವುದು ಎಲ್ಲಿಂದ ಅಂತ ನೋಡಬೇಕು. ನಡು ಹೊಳೆಯ ಮೇಲಿನ ಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಎರಡೂ ತುದಿಯಲ್ಲಿ, ಜಾಲರಿಯ ಕೆಳಗಿನ ಅಂಚು ಕಲ್ಲಿನ ಕಟ್ಟೆಯ ಮೇಲೆ ಕೂರುವ ಜಾಗ ಇದೆಯಲ್ಲ, ರೋಗ ಶುರುವಾಗುವುದು ಅಲ್ಲಿ. ಕಾರಿನ ಚಕ್ರದ ಜೊತೆ ಬಂದ ಮಣ್ಣು, ಹಿಮ ಕರಗಿಸಲು ರಸ್ತೆಗೆ ಹಾಕಿದ ಉಪ್ಪು, ಕೊಳೆತ ಎಲೆ ಎಲ್ಲ ಸೇರಿ ಆ ಮೂಲೆಯಲ್ಲಿ ಮೆತ್ತಿಕೊಂಡು ಬೇಸಿಗೆಯಲ್ಲೂ ಒದ್ದೆಯಾಗಿರುತ್ತದೆ. ಒಂದು ಕಡ್ಡಿ ಚುಚ್ಚಿದರೆ ಒಳಗೆ ಹೋಗುವಷ್ಟು ಮರ ಮೆತ್ತಗಾದ ಮೇಲೆ ಇಡೀ ಸೇತುವೆಯನ್ನು ಜಾಕಿಯ ಮೇಲೆ ಎತ್ತಿ ತೊಲೆ ಬದಲಿಸಬೇಕು. ಆ ಕೆಲಸಕ್ಕೆ ಅನುಭವಿ ಬಡಗಿಗಳು ಬೇಕು, ಲಕ್ಷಗಟ್ಟಲೆ ಡಾಲರ್ ಬೇಕು. ಅದಕ್ಕೆ ಮುಂಚೆ ಒಬ್ಬ ಆಳು ಪೊರಕೆ, ಸಲಿಕೆ ಹಿಡಿದು ವರ್ಷಕ್ಕೆ ಎರಡು ಸಲ ಗುಡಿಸಿದ್ದರೆ, ಒಡೆದ ನಾಲ್ಕು ಚಾವಣಿ ತಗಡು ಬದಲಿಸಿದ್ದರೆ ಆಗಿಹೋಗುತ್ತಿತ್ತು. ಸರ್ಕಾರಿ ಅನುದಾನದ ವ್ಯವಸ್ಥೆಗೆ ಮಾತ್ರ ದೊಡ್ಡ ಕಾಮಗಾರಿಯೇ ಕಣ್ಣಿಗೆ ಬೀಳುವುದು.

ರಾಜ್ಯದಲ್ಲಿ ಈಗ ನೂರರ ಆಸುಪಾಸು ಚಾವಣಿ ಸೇತುವೆಗಳಿವೆ. ಹೆಚ್ಚಿನವು ಆಯಾ ಊರಿನ ಆಸ್ತಿ. ಕೆಲವು ಊರುಗಳ ಜನಸಂಖ್ಯೆ ಸಾವಿರ ದಾಟುವುದಿಲ್ಲ. ಮಾರ್ಚ್ ಮೊದಲ ಮಂಗಳವಾರದ ಊರ ಸಭೆಯಲ್ಲಿ ಹಿಮ ಗುಡಿಸುವ ಟ್ರಕ್ಕಿಗೆ ದುಡ್ಡು ಹೊಂದಿಸುವುದೇ ಕಷ್ಟವಾಗಿರುವಾಗ ಸೇತುವೆಯ ಪ್ರಸ್ತಾಪ ಕೊನೆಗೆ ಸರಿಯುತ್ತದೆ. ನಿಮಗೆ ಇದನ್ನು ಹೇಳಬೇಕಾಗಿಲ್ಲ. ಎಂಟು ವರ್ಷ ಬರ್ಲಿಂಗ್‌ಟನ್ನಿನ ಮೇಯರ್ ಆಗಿದ್ದವರು ನೀವು.

2021ರ ಕಾನೂನಿನಲ್ಲಿ ಸ್ಥಳೀಯ ಸಂಸ್ಥೆಗಳ ಸಣ್ಣ ರಸ್ತೆ ಸೇತುವೆಗಳಿಗೆ ನೂರಕ್ಕೆ ನೂರು ಫೆಡರಲ್ ಹಣ ಕೊಡುವ ಅವಕಾಶ ಇದೆಯಲ್ಲ, ಮತ್ತೆ ಬೇರೆ ಯೋಜನೆ ಯಾಕೆ ಎಂದು ನಿಮ್ಮ ಸಿಬ್ಬಂದಿ ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಆ ಸಾಲಿನಲ್ಲಿ ಹಳ್ಳಿ ರಸ್ತೆಯ ಮರದ ಸೇತುವೆ, ದಿನಕ್ಕೆ ಸಾವಿರಾರು ಗಾಡಿ ಓಡುವ ಬಿರುಕು ಬಿಟ್ಟ ಕಾಂಕ್ರೀಟ್ ಸೇತುವೆಯ ಹಿಂದೆ ನಿಲ್ಲಬೇಕು. ಗಾಡಿ ಲೆಕ್ಕ ಹಾಕಿದರೆ ಮರದ್ದು ಸೋಲುತ್ತದೆ, ಸೋಲುವುದೇ ನ್ಯಾಯ ಎಂದೂ ಹೇಳಬಹುದು. ಅದಕ್ಕೇ ಬೇರೆ ಸಾಲು ಬೇಕು ಅನ್ನುವುದು.

ಪ್ರವಾಹದ ಮಾತು ಬಿಟ್ಟು ಈ ವಿಷಯ ಬರೆಯಲಾಗುವುದಿಲ್ಲ. 1927ರ ನವೆಂಬರಿನ ನೆರೆ ಈ ರಾಜ್ಯದ 1,285 ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು 84 ಜನ. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತ ಬಂದಾಗ ಬಾರ್ಟನ್ಸ್‌ವಿಲ್ ಸೇತುವೆ ತನ್ನ ಕಟ್ಟೆಯಿಂದ ಕಿತ್ತು ಚಾವಣಿ ಸಮೇತ ನೀರಿಗೆ ಬಿದ್ದು ತೇಲಿಹೋದ ವಿಡಿಯೋವನ್ನು ನಾವೆಲ್ಲ ನೋಡಿದ್ದೇವೆ. ಅದು 1869ರ ನೆರೆಯ ಮಾರನೇ ವರ್ಷ ಕಟ್ಟಿದ ಸೇತುವೆ. ಅದೇ ದಿನ ಪಕ್ಕದ ನ್ಯೂಯಾರ್ಕಿನಲ್ಲಿ ಓಲ್ಡ್ ಬ್ಲೆನ್‌ಹೈಮ್ ಸೇತುವೆಯೂ ಹೋಯಿತು. 1855ರಲ್ಲಿ ಅದನ್ನು ಕಟ್ಟಿದವನು ನಮ್ಮ ವರ್ಮಾಂಟಿನ ನಿಕೋಲಸ್ ಪವರ್ಸ್. ಬಾರ್ಟನ್ಸ್‌ವಿಲ್‌ನಲ್ಲಿ ಅದೇ ಜಾಲರಿಯ ಹೊಸ ಸೇತುವೆ 2013ರ ಜನವರಿಗೆ ತೆರೆಯಿತು, ಬ್ಲೆನ್‌ಹೈಮಿನದು 2018ರಲ್ಲಿ ಮತ್ತೆ ಎದ್ದಿತು. ಕಳೆದುಕೊಂಡ ಮೇಲೆ ದುಡ್ಡು ಹೇಗೋ ಹುಟ್ಟುತ್ತದೆ. ಹೊಸದು ಚೆನ್ನಾಗಿಯೇ ಇದೆ, ಅದನ್ನು ನಕಲು ಎಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ವುಡ್‌ಸ್ಟಾಕಿನ ಹಸಿರು ಬಯಲಿನ ಪಕ್ಕದ ಸೇತುವೆ 1969ರದು. ಮಿಲ್ಟನ್ ಗ್ರ್ಯಾಟನ್ ಎಂಬ ಬಡಗಿ ಹಳೇ ಪದ್ಧತಿಯಲ್ಲೇ ಗೂಟ ಬಡಿದು ಕಟ್ಟಿ, ಎತ್ತುಗಳಿಂದ ಹೊಳೆಯ ಮೇಲಕ್ಕೆ ಎಳೆಸಿದ. ಕೈಯಲ್ಲಿ ಆ ಕಸುಬು ಉಳಿದಿದ್ದರಿಂದ ಇದು ಸಾಧ್ಯವಾಯಿತು. ಕಸುಬು ಉಳಿಯಬೇಕಾದರೆ ವರ್ಷ ವರ್ಷ ಕೆಲಸ ಸಿಗಬೇಕು, ಹತ್ತು ವರ್ಷಕ್ಕೊಮ್ಮೆ ನೆರೆ ಬಂದಾಗ ಮಾತ್ರ ಅಲ್ಲ.

ಇನ್ನೊಂದು ಕಾಟ ನೆರೆಗಿಂತ ಸಣ್ಣದು, ಆದರೆ ನಿಲ್ಲದ್ದು. ಲಿಂಡನ್ ಊರಿನ ಮಿಲ್ಲರ್ಸ್ ರನ್ ಸೇತುವೆಗೆ ಬಾಡಿಗೆ ಟ್ರಕ್ಕುಗಳು ಪದೇಪದೇ ಗುದ್ದುತ್ತವೆ. ಮನೆ ಸಾಮಾನು ಸಾಗಿಸುವ ಟ್ರಕ್ಕನ್ನು ಜನ್ಮದಲ್ಲಿ ಮೊದಲ ಸಲ ಓಡಿಸುವವನು ಫೋನಿನ ಮ್ಯಾಪ್ ಹೇಳಿದ ದಾರಿಯಲ್ಲಿ ಬರುತ್ತಾನೆ. ಫೋನಿಗೆ ಅವನು ಓಡಿಸುತ್ತಿರುವುದು ಕಾರೋ ಟ್ರಕ್ಕೋ ಗೊತ್ತಿಲ್ಲ. ಎಚ್ಚರಿಕೆ ಫಲಕ ಇದ್ದೇ ಇದೆ, ಓದುವವರಿಲ್ಲ. ಕನೆಕ್ಟಿಕಟ್ ನದಿಯ ಮೇಲಿನ 1866ರ ಕಾರ್ನಿಶ್-ವಿಂಡ್ಸರ್ ಸೇತುವೆಯ ಬಾಗಿಲಲ್ಲಿ ‘ಕುದುರೆಯನ್ನು ನಡೆಸಿಕೊಂಡು ಹೋಗಿ, ಇಲ್ಲವೇ ಎರಡು ಡಾಲರ್ ದಂಡ ತೆರಿ’ ಎಂಬ ಫಲಕ ಈಗಲೂ ಇದೆ. ಆಗ ಕಾಯಲು ಸುಂಕದ ಕಟ್ಟೆಯವನಿದ್ದ, 1943ರ ತನಕ. ಈಗ ಕಾಯುವವರಿಲ್ಲ. ಆದರೆ ಪ್ರತಿ ಸೇತುವೆಯೊಳಗಿನ ಎತ್ತರದ ಲೆಕ್ಕ ಫೆಡರಲ್ ಸೇತುವೆ ದಾಖಲೆಯಲ್ಲಿ ಇದ್ದೇ ಇದೆ, ಸಾರ್ವಜನಿಕವಾಗಿಯೂ ಇದೆ. ಮ್ಯಾಪ್ ಕಂಪನಿಗಳು ಅದನ್ನು ಬಳಸಿ ವಾಹನದ ಎತ್ತರ ಕೇಳುವಂತೆ, ಟ್ರಕ್ ಬಾಡಿಗೆ ಕೊಡುವವರು ಕೀಲಿಕೈ ಜೊತೆಗೇ ಎತ್ತರ ಹೇಳುವಂತೆ ಮಾಡಲು ದುಡ್ಡೂ ಬೇಡ. ದೊಡ್ಡ ಕಂಪನಿಗಳಿಗೆ ಬಿಸಿ ಮುಟ್ಟಿಸುವುದು ನಿಮಗೆ ಹೊಸದೇನಲ್ಲ.

ಒಂದು ಮಾತು ಸೇತುವೆಪ್ರಿಯರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಎಲ್ಲ ಸೇತುವೆಯ ಮೇಲೂ ಗಾಡಿ ಓಡಲೇಬೇಕು ಎಂಬ ಹಟ ನನಗಿಲ್ಲ. ಅಗ್ನಿಶಾಮಕ ಗಾಡಿ ತೂಕದ ಮಿತಿಯಿಂದಾಗಿ ಸುತ್ತು ಬಳಸಿ ಹೋಗಬೇಕಾದ ಕಡೆ ಪಕ್ಕದಲ್ಲೊಂದು ಕಾಂಕ್ರೀಟ್ ಸೇತುವೆ ಬರಲಿ, ಮರದ್ದನ್ನು ನಡೆಯುವವರಿಗೆ ಬಿಡಿ. ಹಾಗೆ ನಿವೃತ್ತಿಯಾದದ್ದನ್ನು ಮರೆತರೆ ಮಾತ್ರ ಕೆಟ್ಟಿತು. ಬ್ಲೆನ್‌ಹೈಮ್ ಸೇತುವೆಯ ಮೇಲೆ ಗಾಡಿ ನಿಂತು ಎಂಬತ್ತು ವರ್ಷವಾಗಿತ್ತು, ನೆರೆ ಅದನ್ನು ಬಿಡಲಿಲ್ಲ.

ಆಸ್ಪತ್ರೆ ಬಿಲ್ಲು ಕಟ್ಟಲಾಗದವರು, ಬಾಡಿಗೆ ಮನೆ ಸಿಗದವರು ಇಷ್ಟು ಜನ ಇರುವಾಗ ಮರದ ಸೇತುವೆಗೆ ದುಡ್ಡೇ ಎಂದು ನೀವೇ ಕೇಳಬಹುದು. ಸೇತುವೆಗೆ ಕೇಳುತ್ತಿರುವುದು ಆಸ್ಪತ್ರೆಯ ಬೊಕ್ಕಸದಿಂದ ಅಲ್ಲ, ರಸ್ತೆಗೆಂದು ಹೇಗೂ ಖರ್ಚಾಗುವ ಹಣದ ಒಂದು ಚೂರು. ಆ ಹಣವೂ ಮಿಲ್ಲಿನವನಿಗೆ, ಬಡಗಿಗೆ, ಊರಿನ ರಸ್ತೆ ಕೆಲಸದವನಿಗೆ ಹೋಗುತ್ತದೆ.

ಕಾನೂನಿನ ಕರಡು ನಿಮ್ಮ ಸಮಿತಿಯ ಮುಂದೆ ಬಂದಾಗ ನಾಲ್ಕು ಸಾಲು ಸೇರಿಸಿದರೆ ಸಾಕು: 1998ರ ಯೋಜನೆಗೆ ವರ್ಷಕ್ಕೆ ಒಂದು ಕೋಟಿ ಡಾಲರ್, ಅದರಲ್ಲಿ ಕಾಲು ಭಾಗ ಚಾವಣಿ, ಹಲಗೆ, ಕಟ್ಟೆಯ ಕೆಲಸಕ್ಕೆ, ಸಣ್ಣ ಊರುಗಳಿಂದ ಪಾಲು ಕೇಳಬಾರದು, ಅರ್ಜಿ ಎರಡು ಪುಟ ಮೀರಬಾರದು. ಕೊನೆಯದನ್ನು ಒತ್ತಾಯದಿಂದ ಹೇಳುತ್ತೇನೆ, ಯಾಕೆಂದರೆ ಈ ಊರುಗಳಲ್ಲಿ ಅರ್ಜಿ ತುಂಬುವ ಗುಮಾಸ್ತೆಯೇ ನಾಯಿ ಲೈಸೆನ್ಸನ್ನೂ ಕೊಡಬೇಕು, ಚುನಾವಣೆಯನ್ನೂ ನಡೆಸಬೇಕು.

ನಿಮ್ಮ ಕಚೇರಿಯಿಂದ ಬರುವ ಉತ್ತರವನ್ನು ಕನ್ನಡಕ್ಕೆ ತಂದು ಇದೇ ಓದುಗರ ಮುಂದೆ ಇಡುತ್ತೇನೆ.

ಇಂತಿ,
ನಿಮ್ಮ ಮತದಾರರಲ್ಲೊಬ್ಬ
ಎಸೆಕ್ಸ್ ಜಂಕ್ಷನ್, ವರ್ಮಾಂಟ್